ಪೂರಾ ಚೀಟಿ

ಬೀರುವಿಗೆ ಕನ್ನಡಿ ಬೇಡವೆಂದಿದ್ದಳು ಅವ್ವ.
ದಾರಿ ಕೆಟ್ಟದ್ದು, ಒಡೆದರೆ ಮದುವೆಮನೆಗೆ ಸಲ್ಲದು.
ಅಪ್ಪ ಕೇಳಲಿಲ್ಲ. ಮಂಡಿ ಮೊಹಲ್ಲಾದ ಶೆಡ್ಡಿನಲ್ಲಿ
ಮೂರು ರಾತ್ರಿ ತಗಡು ಬಡಿದು, ಗಿಳಿಹಸಿರು ಬಣ್ಣ ಹೊಡೆದು,
ಆಳೆತ್ತರದ ಕನ್ನಡಿ ಕೂರಿಸಿ
ನಸುಕಿಗೇ ಬಾಡಿಗೆ ಟೆಂಪೋಗೆ ಏರಿಸಿದ.
ಉಳಿದ ಜಾಗದಲ್ಲಿ ನಮ್ಮನ್ನು ತುರುಕಿದ:
ಅವ್ವ, ಸಣ್ಣತಾಯತ್ತೆ, ಲೋಕಿ, ನಾನು,
ಒಂದು ಬಾಳೆಗೊನೆ.

ಬನ್ನೂರು ಬರುವಷ್ಟರಲ್ಲಿ ಅತ್ತೆ
ಎರಡು ಸಲ ಟೆಂಪೋ ನಿಲ್ಲಿಸಿದ್ದಳು.
ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡು
ತನ್ನ ತಮ್ಮನ ಡ್ರೈವಿಂಗನ್ನು ಬೈಯುತ್ತಿದ್ದಳು,
ಗೇರು ಬದಲಾದಾಗಲೆಲ್ಲ ಹೊಸದಾಗಿ.
ಕುರಿಮಂದೆ ಅಡ್ಡ ಬಂತು.
ಕಂಬಳಿ ಜಾರಿದ ಕನ್ನಡಿಯ ಮೂಲೆಯಲ್ಲಿ
ಇನ್ನೊಂದು ಮಂದೆ ಇನ್ನೊಂದೂರಿಗೆ ಹೊರಟಿತು.
ಲೋಕಿ ಎಣಿಸಲು ಕೂತು ಜಗಳ ತೆಗೆದ:
ಒಳಗಿನವನ್ನೂ ಲೆಕ್ಕಕ್ಕೆ ಹಿಡಿಯಬೇಕಂತೆ.

ಕಿರುಗಾವಲಿನಲ್ಲಿ ದಾರಿ ಕೇಳಿದ್ದಕ್ಕೆ
ಮೂವರು ಮೂರು ಕಡೆ ಕೈ ತೋರಿದರು.
ಮಳವಳ್ಳಿಯಲ್ಲಿ ವಡೆ. ಆಮೇಲೆ ಬೆಳಕವಾಡಿ,
ಆಮೇಲೆ ಕಬ್ಬಿನ ಗದ್ದೆಗಳ ನಡುವೆ ರಸ್ತೆ
ಸಣ್ಣದಾಗುತ್ತ, ಇನ್ನೂ ಸಣ್ಣದಾಗುತ್ತ,
ಒಂದು ಹೊಂಗೆಮರದ ಬುಡದಲ್ಲಿ ಮುಗಿದೇಹೋಯಿತು.
ಮುಂದೆ ಹೊಳೆ.

ಕಡವಿನ ಮರಿಸಿದ್ದ ಬೀಡಿ ಕಿವಿಗೆ ಸಿಕ್ಕಿಸಿ
ಬೀರುವನ್ನು ಎರಡು ಸುತ್ತು ಹಾಕಿದ.
'ಇದ್ಕೆ ನಾಕು ಆಳಿನ ಲೆಕ್ಕ.'
'ಖಾಲಿ ಬೀರು ಕಣಯ್ಯ, ಗಾಳಿ ಬಿಟ್ರೆ ಒಳಗೇನದೆ?'
'ಗಾಳೀಗೇ ನಾನು ಹೆದರಾದು.'
ಅಪ್ಪ ಎಣಿಸಿ ಕೊಟ್ಟ. ನನ್ನ ತಲೆ ಮುಟ್ಟಿ
'ಇವಳ್ಗೆ ಅರ್ಧ' ಅಂದ. ಬಸ್ಸಿನಲ್ಲಿ ಹಾಗೇ ನಡೆಯುತ್ತಿತ್ತು,
ಕಂಡಕ್ಟರು ಬಂದಾಗ ನಾನು ಮೊಣಕಾಲು ಮಡಿಸುತ್ತಿದ್ದೆ.
ಮರಿಸಿದ್ದ ನಕ್ಕ.
'ಹೊಳೇಗೆ ವಯಸ್ಸು ತಿಳೀತದಾ ಬುದ್ಧಿ?
ತೂಕ ಒಂದೇ ಗೊತ್ತು ಅದ್ಕೆ. ಪೂರಾ ಕೊಡಿ.'

ಎರಡು ದೋಣಿ ಜೋಡಿಸಿ ಹಲಗೆ ಬಿಗಿದಿದ್ದರು.
ಮೂತಿಯಲ್ಲಿ ಬೀರು, ಮುಖ ನಮ್ಮ ಕಡೆ.
ಕಂಬಳಿ ತೆಗೆಸಿದ ಮರಿಸಿದ್ದ, ಗಾಳಿ ತುಂಬಿಕೊಂಡೀತೆಂದು.
ಹಾಗಾಗಿ ಹೊಳೆ ದಾಟುವಷ್ಟೂ ಹೊತ್ತು
ನಾನು ಮುಂದೆ ನೋಡುತ್ತ ಕೂತಿದ್ದೆ,
ಕಂಡದ್ದೆಲ್ಲ ಹಿಂದಿನದು:
ಹೊಂಗೆಮರ, ಅದರಡಿ ಒಂಟಿ ಟೆಂಪೋ,
ಬಟ್ಟೆ ಒಗೆಯುವುದು ಬಿಟ್ಟು ನಮ್ಮನ್ನೇ ನೋಡುತ್ತಿದ್ದ ಹೆಂಗಸು.
ಎಲ್ಲರೂ ಕುಗ್ಗುತ್ತ ಬಂದರು.
ನಾನು ಮಾತ್ರ ಹಾಗೇ ಇದ್ದೆ, ಕನ್ನಡಿಯ ನಟ್ಟನಡುವೆ,
ಪೂರಾ ದುಡ್ಡಿನವಳು.

ನಡುನೀರಿನಲ್ಲಿ ಅತ್ತೆ ಎದ್ದು ನಿಂತಳು.
ಬೇಡ ಬೇಡ ಎಂದು ಕೂಗಿದರೂ ನಿಂತಳು.
ವಾಂತಿಯಿಲ್ಲ, ಬೈಗುಳವಿಲ್ಲ.
ಗಂಡ ಸತ್ತ ಮನೆಯಲ್ಲಿ ಕನ್ನಡಿ ಗೋಡೆಗೆ ತಿರುಗಿ ಏಳು ವರ್ಷ.
ಕನ್ನಡಿಗೆ ಹತ್ತಿರವಾಗಿ, ಸೆರಗಿನ ತುದಿಯಿಂದ
ಮೊದಲು ಗಾಜು ಒರೆಸಿದಳು,
ಆಮೇಲೆ ಮುಖ.
ದೋಣಿ ವಾಲಿತು. ಮರಿಸಿದ್ದ ಜಲ್ಲೆ ಒತ್ತಿ ಹಿಡಿದ,
ಏನೂ ಅನ್ನಲಿಲ್ಲ.

ಮದುವೆ ಹೇಗಾಯಿತೋ ನೆನಪಿಲ್ಲ.
ಬೀರುವಿನ ಮುಂದೆ ಹೆಂಗಸರ ಸಾಲಿತ್ತು,
ಪಾಯಸಕ್ಕಿಂತ ಉದ್ದ. ಅಪ್ಪ ಚಪ್ಪರದ ಕಂಬಕ್ಕೊರಗಿ
ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ.

ವಾಪಸು ಹೊರಟಾಗ ಕತ್ತಲೆ.
ಬೀರುವಿಲ್ಲದ ದೋಣಿ ನಿಂತಲ್ಲಿ ನಿಲ್ಲದು.
ಅತ್ತೆ ಬೊಗಸೆಯಲ್ಲಿ ನೀರೆತ್ತಿ ಮತ್ತೆ ಬಿಡುತ್ತಿದ್ದಳು,
ಲಾಂದ್ರದ ಬೆಳಕು ಅದರ ಜೊತೆ ಸೋರುತ್ತಿತ್ತು.
ದಡ ಸೇರಿದಾಗ ಮರಿಸಿದ್ದ ತಲೆ ಎಣಿಸಿ
ನನ್ನ ಹತ್ತಿರ ಬೆರಳು ಮಡಿಸಿದ.
'ನಿದ್ದೆ ಹೋದೋರ್ಗೆ ಕಾಸಿಲ್ಲ.'

ನನಗೆ ನಿದ್ದೆ ಬಂದಿರಲಿಲ್ಲ.
ಕಣ್ಣು ಮುಚ್ಚಿಕೊಂಡೇ ಇದ್ದೆ.
ಅಪ್ಪ ಎತ್ತಿಕೊಂಡ, ಅಬ್ಬಾ ಎಂದ,
ಭಾರವಾಗಿದ್ದಾಳೆ ಎಂದು ಯಾರಿಗೋ ಹೇಳಿದ.
ಟೆಂಪೋದೊಳಗೆ ಬೀರು ಬಿಗಿದಿದ್ದ ಹಗ್ಗ
ಸುರುಳಿ ಸುತ್ತಿ ಮಲಗಿತ್ತು. ಅದರ ಮೇಲೇ ನನ್ನನ್ನಿಟ್ಟ.